ಏಳೂವರೆಯ ಆಟ, ಪೇಟೆಯ ವಹಿವಾಟು

ಸಂಜೆ ಏಳರ ಹೊತ್ತಿಗೆ ನಾಡಿನ ಯಾವುದೇ ಹಳೆಯ ಪೇಟೆಬೀದಿಯಲ್ಲಿ ನಿಂತವರಿಗೆ ಎರಡು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ದೀಪಗಳೆಲ್ಲ ಉರಿಯುತ್ತಿದ್ದರೂ ಗಿರಾಕಿಗಳಿಲ್ಲದೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ವರ್ತಕರು ಒಂದು ಕಡೆ. ಸೀರೆಯ ಸೆರಗನ್ನು ಮುಟ್ಟಿ ನೋಡಿ, ಬೆಲೆ ಕೇಳಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಮನೆಗೆ ಹೊರಡುವ ಜನ ಇನ್ನೊಂದು ಕಡೆ. ಮನೆ ತಲುಪಿದ ಮೇಲೆ ಅವರು ಅಂಥದೇ ಸರಕನ್ನು ಇಂಟರ್‌ನೆಟ್ ಮೂಲಕ ತರಿಸಿಕೊಳ್ಳುತ್ತಾರೆ. ಇದಕ್ಕೆ ವರ್ತಕ ಸಮುದಾಯ ಸಾಮಾನ್ಯವಾಗಿ ಕಂಡುಕೊಂಡಿರುವ ಉಪಾಯ ಬೆಲೆ ಇಳಿಸುವುದು. ಆದರೆ ದೇಶದ ಉದ್ದಗಲಕ್ಕೂ ಗೋದಾಮುಗಳನ್ನು ಹೊಂದಿದ ಸಂಸ್ಥೆಗಳನ್ನು ಬೀದಿಯ ಅಂಗಡಿಯೊಂದು ಬೆಲೆಯ ಪೈಪೋಟಿಯಲ್ಲಿ ಬಹುಕಾಲ ಎದುರಿಸಲಾರದು ಎಂಬುದು ಲೆಕ್ಕ ಬಲ್ಲ ಎಲ್ಲರಿಗೂ ತಿಳಿದ ವಿಷಯ.

ಹಾಗಾದರೆ ಗಿರಾಕಿ ಮನೆ ಬಿಟ್ಟು ಪೇಟೆಗೆ ಬರಲು, ಬಂದವನು ಬೆಳಗಿನಿಂದ ರಾತ್ರಿಯವರೆಗೆ ಅಲ್ಲೇ ಉಳಿಯಲು ಕಾರಣವಾಗಬಲ್ಲದ್ದು ಯಾವುದು? ಈ ಪ್ರಶ್ನೆಗೆ ಲಂಡನ್ ನಗರದ ವೆಸ್ಟ್ ಎಂಡ್ ಪ್ರದೇಶ ಕೊಟ್ಟುಕೊಂಡಿರುವ ಉತ್ತರ ವ್ಯಾಪಾರಸ್ಥರ ಗಮನಕ್ಕೆ ಅರ್ಹವಾಗಿದೆ. ಅಂಗಡಿ, ಊಟದ ಮನೆ, ಸಂಗೀತ ನಾಟಕ - ಈ ಮೂರೂ ಅಲ್ಲಿ ಒಂದೇ ಕಾಲ್ನಡಿಗೆಯ ಅಂತರದಲ್ಲಿವೆ. ಮೂರರಲ್ಲಿ ಗಿರಾಕಿಯನ್ನು ಕರೆತರುವುದು ನಾಟಕ; ಅದರ ಲಾಭವನ್ನು ಹಂಚಿಕೊಳ್ಳುವವು ಉಳಿದೆರಡು.

ಒಂದು ಶನಿವಾರದ ಲೆಕ್ಕ

ಉದಾಹರಣೆಗಾಗಿ, ಲಂಡನ್ನಿನ ಪಶ್ಚಿಮಕ್ಕಿರುವ ರೆಡಿಂಗ್ ಪಟ್ಟಣದಲ್ಲಿ ನೆಲೆಸಿದ ಕನ್ನಡ ದಂಪತಿಯೊಂದನ್ನು ಕಲ್ಪಿಸಿಕೊಳ್ಳಬಹುದು. ಉದ್ಯೋಗದ ನಿಮಿತ್ತ ಆ ಕಡೆ ನೆಲೆಸಿದ ಕನ್ನಡ ಕುಟುಂಬಗಳಿಗೆ ಕೊರತೆಯಿಲ್ಲ. ಮದುವೆಯ ವಾರ್ಷಿಕ ದಿನಕ್ಕೆಂದು ಅವರು ಎರಡು ತಿಂಗಳು ಮೊದಲೇ ಲೈಸಿಯಮ್ ನಾಟಕಗೃಹದ 'ದಿ ಲಯನ್ ಕಿಂಗ್' ಸಂಗೀತ ನಾಟಕಕ್ಕೆ ಎರಡು ಟಿಕೆಟ್ ಕೊಂಡಿರುತ್ತಾರೆ. ಆಟ ಶನಿವಾರ ರಾತ್ರಿ ಏಳೂವರೆಗೆ. ಆ ಎರಡು ಚೀಟಿಗಳನ್ನು ಕೊಂಡ ಗಳಿಗೆಯಲ್ಲೇ ಆ ದಿನದ ಉಳಿದ ಖರ್ಚೆಲ್ಲ ಹೆಚ್ಚುಕಡಿಮೆ ನಿಶ್ಚಯವಾಗಿಬಿಡುತ್ತದೆ.

ಅಷ್ಟು ದೂರ ಹೋಗುವುದಾದರೆ ಬೆಳಿಗ್ಗೆಯೇ ಹೊರಡುವುದು ಲೇಸು ಎಂದು ಅವರು ಎಲಿಜಬೆತ್ ಮಾರ್ಗದ ರೈಲು ಹತ್ತುತ್ತಾರೆ. 2022ರಲ್ಲಿ ಈ ಮಾರ್ಗ ಪೂರ್ತಿಯಾಗಿ ಕೂಡಿಕೊಂಡ ಮೇಲೆ ರೆಡಿಂಗಿನಿಂದ ಗಾಡಿ ಬದಲಿಸದೆ ನೇರವಾಗಿ ಪೇಟೆಯ ನಡುವೆ ಇಳಿಯಬಹುದು. ಮೊದಲು ಆಕ್ಸ್‌ಫರ್ಡ್ ಬೀದಿ. ಅಲ್ಲಿಂದ ತಿರುಗಿದರೆ ಲಿಬರ್ಟಿ ಮಳಿಗೆ. ಇದು 1875ರಲ್ಲಿ ಭಾರತ, ಜಪಾನ್ ಮೊದಲಾದ ಪೂರ್ವದೇಶಗಳ ರೇಷ್ಮೆ ಹಾಗೂ ಅಲಂಕಾರ ವಸ್ತುಗಳ ವ್ಯಾಪಾರದಿಂದ ಬೆಳೆದ ಅಂಗಡಿ. ಎರಡು ಹಳೆಯ ಯುದ್ಧನೌಕೆಗಳ ಮರಮುಟ್ಟುಗಳನ್ನು ಬಳಸಿ 1924ರಲ್ಲಿ ಕಟ್ಟಿದ ಅದರ ಕಟ್ಟಡವೇ ಒಂದು ಪ್ರೇಕ್ಷಣೀಯ ಸ್ಥಳ. ಹೆಂಡತಿ ಅಲ್ಲಿ ಒಂದು ರೇಷ್ಮೆ ಕೊರಳವಸ್ತ್ರ ಕೊಳ್ಳುತ್ತಾಳೆ. ಬಳಿಕ ರೀಜೆಂಟ್ ಬೀದಿಯ ಹ್ಯಾಮ್ಲೀಸ್ ಆಟಿಕೆ ಅಂಗಡಿಯಲ್ಲಿ ದಾವಣಗೆರೆಯಲ್ಲಿರುವ ಸೋದರಳಿಯನಿಗೆ ಒಂದು ಆಟಿಕೆ. 1760ರಲ್ಲಿ ಹುಟ್ಟಿದ ಆ ಅಂಗಡಿಯ ಹೆಸರನ್ನು 2019ರಲ್ಲಿ ಭಾರತದ ರಿಲಯನ್ಸ್ ಸಂಸ್ಥೆಯೇ ಕೊಂಡುಕೊಂಡಿತು.

ಮಧ್ಯಾಹ್ನ ಚಹಾ, ಕೊಂಚ ತಿಂಡಿ. ನಂತರ ಕೋವೆಂಟ್ ಗಾರ್ಡನ್ ಚೌಕ. ಅಲ್ಲಿ ಬೀದಿಯ ಮೇಲೆ ಹಾಡುವವರ, ಕಸರತ್ತು ಮಾಡುವವರ ಮುಂದೆ ಅರ್ಧ ಗಂಟೆ. ಐದಕ್ಕೆ ಊಟದ ಮನೆಯ ಬಾಗಿಲು. ಏಳೂವರೆಗೆ ಆಟ. ನಡುವಿನ ವಿರಾಮದಲ್ಲಿ ಐಸ್‌ಕ್ರೀಮು, ಹೊರಬರುವಾಗ ನಾಟಕದ ಚಿತ್ರವಿರುವ ಪುಸ್ತಿಕೆ, ಒಂದು ಅಂಗಿ. ಹತ್ತು ಗಂಟೆಗೆ ಆಟ ಬಿಟ್ಟ ಮೇಲೆ ಒಂದು ಲೋಟ ಕಾಫಿ, ಮತ್ತೆ ರೈಲು.

ಆ ದಿನ ಅವರ ಜೇಬಿನಿಂದ ಹಣ ಹೋದ ಸ್ಥಳಗಳನ್ನು ಎಣಿಸಿದರೆ ಎಂಟೊಂಬತ್ತು ಆಗುತ್ತದೆ. ನಾಟಕಗೃಹ ಅವುಗಳಲ್ಲಿ ಒಂದು ಮಾತ್ರ. ಕೊರಳವಸ್ತ್ರ, ಆಟಿಕೆ, ಕಾಫಿ ಇವೆಲ್ಲ ರೆಡಿಂಗಿನಲ್ಲೂ ಸಿಗುತ್ತಿದ್ದವು. ಮನೆಯಲ್ಲೇ ಕುಳಿತು ತರಿಸಿಕೊಳ್ಳಲೂಬಹುದಿತ್ತು. ಅವುಗಳನ್ನು ಲಂಡನ್ನಿನ ವರ್ತಕರಿಂದ ಕೊಂಡದ್ದಕ್ಕೆ ಏಕೈಕ ಕಾರಣ, ಏಳೂವರೆಗೆ ಅವರು ಅಲ್ಲಿರಬೇಕಾಗಿದ್ದುದು.

ಗಂಟೆಗೆ ಕಟ್ಟಿದ ಗಿರಾಕಿ

ಈ ಸಂಗತಿಯ ಪ್ರಮಾಣವನ್ನು ಅಂಕಿಗಳಲ್ಲಿ ನೋಡಬೇಕು. ಲೈಸಿಯಮ್ ನಾಟಕಗೃಹದಲ್ಲಿ ಸುಮಾರು 2,100 ಆಸನಗಳಿವೆ. ವೆಸ್ಟ್ ಎಂಡಿನ ಪದ್ಧತಿಯಂತೆ ವಾರಕ್ಕೆ ಎಂಟು ಪ್ರದರ್ಶನ. ಎಲ್ಲ ಆಸನಗಳೂ ಭರ್ತಿಯಾದರೆ ವಾರಕ್ಕೆ 16,800 ಜನ. ಮುಕ್ಕಾಲು ಭಾಗ ತುಂಬಿದರೂ 12,600 ಜನ. ಇದು ಒಂದೇ ಕಟ್ಟಡದ ಲೆಕ್ಕ. 'ದಿ ಲಯನ್ ಕಿಂಗ್' ಅಲ್ಲಿ 1999ರಿಂದ ನಡೆಯುತ್ತ ಬಂದಿದೆ. 'ಲೆ ಮಿಸೆರಾಬ್ಲ್' 1985ರಲ್ಲಿಯೂ 'ದಿ ಫ್ಯಾಂಟಮ್ ಆಫ್ ದಿ ಆಪೆರಾ' 1986ರಲ್ಲಿಯೂ ಲಂಡನ್ನಿನ ರಂಗವನ್ನೇರಿದವು. ಲಂಡನ್ ನಾಟಕಗೃಹಗಳ ಸಂಘದ ಪ್ರಕಾರ 2024ರಲ್ಲಿ ವೆಸ್ಟ್ ಎಂಡಿನ ನಾಟಕಗಳಿಗೆ ಬಂದ ಪ್ರೇಕ್ಷಕರ ಸಂಖ್ಯೆ 1 ಕೋಟಿ 70 ಲಕ್ಷವನ್ನು ಮೀರಿತ್ತು.

ಇಲ್ಲಿ ಸಂಖ್ಯೆಯಷ್ಟೇ ಮುಖ್ಯವಾದದ್ದು ಸಮಯ. ಜವಳಿ ಅಂಗಡಿಗೆ ಗಿರಾಕಿ ಇಂದು ಬರದಿದ್ದರೆ ನಾಳೆ ಬಂದಾನು, ಬರದೆಯೂ ಇದ್ದಾನು. ನಾಟಕದ ಟಿಕೆಟ್ ಕೊಂಡವನು ಮುಂಗಡ ಕೊಟ್ಟವನಂತೆ. ಬಂದೇ ಬರುತ್ತಾನೆ, ಇಂಥ ದಿನ ಇಂಥ ಗಂಟೆಗೇ ಬರುತ್ತಾನೆ, ಆಟ ಮುಗಿಯುವವರೆಗೆ ಹೋಗುವುದಿಲ್ಲ. ಊಟದ ಮನೆಯವನಿಗೆ ಇದರಷ್ಟು ಬೆಲೆಯುಳ್ಳ ಸುದ್ದಿ ಬೇರೊಂದಿಲ್ಲ. ಸಾಮಾನ್ಯವಾಗಿ ಐದರಿಂದ ಏಳರವರೆಗಿನ ಹೊತ್ತು ಹೋಟೆಲುಗಳಿಗೆ ಮಂದಗತಿಯ ಕಾಲ. ವೆಸ್ಟ್ ಎಂಡಿನ ಹೋಟೆಲುಗಳು ಅದೇ ಹೊತ್ತಿಗೆ 'ಆಟಕ್ಕೆ ಮುಂಚಿನ ಊಟ' ಎಂಬ ನಿಗದಿತ ಬೆಲೆಯ ಪಟ್ಟಿಯನ್ನಿಟ್ಟು, ಎರಡು ಮೂರು ಬಗೆಗಳನ್ನು ಬೇಗ ಬಡಿಸಿ, ಏಳಕ್ಕೆ ಮೇಜು ಖಾಲಿ ಮಾಡಿಸಿ, ಎಂಟಕ್ಕೆ ಬರುವ ಎರಡನೆಯ ಪಂಕ್ತಿಗೆ ಸಿದ್ಧವಾಗುತ್ತವೆ. ಒಂದೇ ಮೇಜು, ಎರಡು ಸಂಪಾದನೆ.

ಮಾರಾಟವಾಗದೆ ಉಳಿದ ಆಸನ ಆಟ ಆರಂಭವಾದೊಡನೆ ಕಸಕ್ಕೆ ಸಮ ಎಂಬುದನ್ನು ಸೊಪ್ಪು ಮಾರುವವರಷ್ಟೇ ಚೆನ್ನಾಗಿ ನಾಟಕದವರೂ ಬಲ್ಲರು. ಆದ್ದರಿಂದ 1980ರಲ್ಲಿ ಲೆಸ್ಟರ್ ಚೌಕದಲ್ಲಿ ಅಂದಂದಿನ ಟಿಕೆಟುಗಳನ್ನು ಅರ್ಧ ಬೆಲೆಗೆ ಮಾರುವ ಕಟ್ಟೆಯೊಂದು ಆರಂಭವಾಯಿತು. ಅಗ್ಗದ ಟಿಕೆಟಿಗಾಗಿ ಹಗಲಿನಲ್ಲೇ ಬಂದು ಸಾಲು ನಿಂತವರು ಆಟದ ಹೊತ್ತಿನವರೆಗೆ ಎಲ್ಲಿರುತ್ತಾರೆ? ಸುತ್ತಲಿನ ಅಂಗಡಿಗಳಲ್ಲಿ. ನಾಟಕದವರ ನಷ್ಟ ತಪ್ಪಿಸಿದ ಉಪಾಯ ಅಂಗಡಿಯವರಿಗೂ ಗಿರಾಕಿಗಳನ್ನು ಒದಗಿಸಿತು.

ತರಕಾರಿ ಮಂಡಿಯ ಎರಡನೆಯ ಬದುಕು

ದಂಪತಿ ಮಧ್ಯಾಹ್ನ ಕಳೆದ ಕೋವೆಂಟ್ ಗಾರ್ಡನ್ನಿನ ಇತಿಹಾಸ ಇಲ್ಲಿನ ವರ್ತಕರಿಗೆ ತೀರ ಪರಿಚಿತವೆನಿಸೀತು. ಮುನ್ನೂರು ವರ್ಷಗಳ ಕಾಲ ಅದು ಲಂಡನ್ನಿನ ಹಣ್ಣು, ಹೂವು, ತರಕಾರಿಗಳ ಸಗಟು ಮಾರುಕಟ್ಟೆಯಾಗಿತ್ತು. ಲಾರಿಗಳ ದಟ್ಟಣೆ ತಾಳಲಾರದೆ 1974ರಲ್ಲಿ ಮಂಡಿಯನ್ನು ನೈನ್ ಎಲ್ಮ್ಸ್ ಎಂಬಲ್ಲಿಗೆ ಸಾಗಿಸಲಾಯಿತು. ಎಪಿಎಂಸಿ ಪ್ರಾಂಗಣ ಊರ ಹೊರಗೆ ಹೋದಾಗ ಹಳೆಯ ಮಂಡಿಬೀದಿಗಳಿಗೆ ಏನಾಗುತ್ತದೆಂಬುದನ್ನು ಕರ್ನಾಟಕದ ಅನೇಕ ಊರುಗಳು ಕಂಡಿವೆ. ಲಂಡನ್ನಿನ ಆಡಳಿತವೂ ಆ ಪ್ರದೇಶದ ಬಹುಭಾಗವನ್ನು ಕೆಡವಿ ಅಗಲವಾದ ರಸ್ತೆಗಳನ್ನೂ ಕಚೇರಿಗಳನ್ನೂ ಕಟ್ಟುವ ಯೋಜನೆ ಹಾಕಿತ್ತು. ನಿವಾಸಿಗಳು ತೀವ್ರವಾಗಿ ವಿರೋಧಿಸಿದರು. 1973ರಲ್ಲಿ ಅಲ್ಲಿನ ಇನ್ನೂರಕ್ಕೂ ಹೆಚ್ಚು ಕಟ್ಟಡಗಳನ್ನು ಸಂರಕ್ಷಿತವೆಂದು ಸರ್ಕಾರ ಘೋಷಿಸಿದ ಮೇಲೆ ಆ ಯೋಜನೆ ಬಿದ್ದುಹೋಯಿತು. 1830ರ ಸುಮಾರಿನ ಮಾರುಕಟ್ಟೆ ಕಟ್ಟಡ ದುರಸ್ತಿಗೊಂಡು 1980ರಲ್ಲಿ ಸಣ್ಣ ಸಣ್ಣ ಮಳಿಗೆಗಳ, ಚಹಾದಂಗಡಿಗಳ ತಾಣವಾಗಿ ಮತ್ತೆ ತೆರೆಯಿತು.

ಖಾಲಿಯಾದ ಮಂಡಿಗೆ ಜನ ಯಾಕೆ ಬಂದರು? ನಾಟಕಗೃಹಗಳು ಅಲ್ಲಿಂದ ಕದಲಿರಲಿಲ್ಲ. ಪಕ್ಕದ ಡ್ರೂರಿ ಲೇನಿನಲ್ಲಿ 1663ರಿಂದ ಒಂದರ ನಂತರ ಒಂದಾಗಿ ರಂಗಮಂದಿರಗಳು ನಿಂತಿವೆ. ಈಗಿನ ಕಟ್ಟಡ 1812ರದು. ಇದೇ ಮಾರುಕಟ್ಟೆಯ ಹೂವಾಡಗಿತ್ತಿಯೊಬ್ಬಳ ಕಥೆಯಾದ 'ಮೈ ಫೇರ್ ಲೇಡಿ' ಸಂಗೀತ ನಾಟಕ 1958ರಲ್ಲಿ ಲಂಡನ್ನಿನಲ್ಲಿ ಮೊದಲು ಪ್ರದರ್ಶನಗೊಂಡದ್ದು ಆ ಡ್ರೂರಿ ಲೇನಿನಲ್ಲೇ. ಮಂಡಿ ಹೋದರೂ ಸಂಜೆಯ ಜನ ಉಳಿದರು. ಅವರಿದ್ದುದರಿಂದ ಹಳೆಯ ಕಟ್ಟಡಕ್ಕೆ ಹೊಸ ಬಾಡಿಗೆದಾರರು ದೊರೆತರು.

ಊಟಕ್ಕೂ ಒಂದು ಕಥೆ

ಹೊಟ್ಟೆ ತುಂಬಿಸುವುದಕ್ಕಷ್ಟೇ ಆದರೆ ದಂಪತಿಗೆ ರೊಟ್ಟಿಯ ತುಂಡು ಸಾಕಿತ್ತು. ಅವರು ಹೋದದ್ದು ಕೋವೆಂಟ್ ಗಾರ್ಡನ್ ಬಳಿಯ ದಿಶೂಮ್ ಎಂಬಲ್ಲಿಗೆ. 2010ರಲ್ಲಿ ಆರಂಭವಾದ ಈ ಹೋಟೆಲು ಹಳೆಯ ಮುಂಬಯಿಯ ಇರಾನಿ ಕೆಫೆಗಳ ಮಾದರಿಯನ್ನು ಲಂಡನ್ನಿನಲ್ಲಿ ಕಟ್ಟಿ ನಿಲ್ಲಿಸಿತು: ಅಮೃತಶಿಲೆಯ ಮೇಜು, ಬಾಗಿಸಿದ ಮರದ ಕುರ್ಚಿ, ಗೋಡೆಯ ತುಂಬ ಹಳೆಯ ಭಾವಚಿತ್ರ, ನಿಧಾನವಾಗಿ ಬೇಯಿಸಿದ ಕಪ್ಪು ದಾಲ್, ಚಹಾ. ಮುಂಬಯಿಯಲ್ಲಿ ನಿಜವಾದ ಇರಾನಿ ಹೋಟೆಲುಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲದಲ್ಲಿ ಅವುಗಳ ನೆನಪು ಲಂಡನ್ನಿನಲ್ಲಿ ಲಾಭದ ವ್ಯಾಪಾರವಾಯಿತು ಎಂಬುದು ಯೋಚಿಸಬೇಕಾದ ಮಾತು.

ಇಂತಹ ವಿಷಯಾಧಾರಿತ ಊಟದ ಮನೆಗಳ ಪೈಕಿ ಜಗತ್ತಿನಲ್ಲೆಲ್ಲ ಹೆಸರಾದ ಹಾರ್ಡ್ ರಾಕ್ ಕೆಫೆ ಹುಟ್ಟಿದ್ದೂ ಲಂಡನ್ನಿನಲ್ಲೇ, 1971ರಲ್ಲಿ. ಇಬ್ಬರು ಅಮೆರಿಕನ್ ತರುಣರು ಅದನ್ನು ತೆರೆದರು. ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ತಾನು ಕೂರುವ ಜಾಗದ ಗುರುತಿಗೆಂದು ಕೊಟ್ಟ ಗಿಟಾರಿನಿಂದ ಗೋಡೆಗಳ ಮೇಲಿನ ಸಂಗ್ರಹ ಆರಂಭವಾಯಿತು. ಇದಕ್ಕಿಂತ ಸಣ್ಣ ಉದ್ದಿಮೆದಾರರು ಗಮನಿಸಬೇಕಾದದ್ದು ಅದರ ಅಂಗಿಯ ಕಥೆ. ಸ್ಥಳೀಯ ಫುಟ್ಬಾಲ್ ತಂಡವೊಂದಕ್ಕಾಗಿ 1974ರಲ್ಲಿ ಹೋಟೆಲಿನ ಗುರುತು ಅಚ್ಚಾದ ಬನಿಯನ್ನುಗಳನ್ನು ಮಾಡಿಸಲಾಯಿತು. ಮಿಕ್ಕವನ್ನು ಗಿರಾಕಿಗಳಿಗೆ ಹಂಚಿದಾಗ ಅವುಗಳಿಗೆ ಬೇಡಿಕೆ ಹುಟ್ಟಿತು. ಊಟದ ಮನೆಯಲ್ಲಿ ಬಟ್ಟೆ ಮಾರುವ ಪದ್ಧತಿ ಹಾಗೆ ಬೆಳೆಯಿತು. ತಿಂದ ಊಟ ಮರುದಿನ ಮರೆತುಹೋಗುತ್ತದೆ. ಮೈಮೇಲಿನ ಅಂಗಿ ವರ್ಷಗಟ್ಟಲೆ ಹೋಟೆಲಿನ ಹೆಸರನ್ನು ಸಾರುತ್ತದೆ.

ನಾಟಕದ ಸುತ್ತ ತಯಾರಕರಿಗಿರುವ ಅವಕಾಶ ನೆನಪಿನ ವಸ್ತುಗಳಿಗೆ ಸೀಮಿತವಲ್ಲ. ಪರದೆ, ಮರಗೆಲಸ, ಬೆಳಕಿನ ಸಲಕರಣೆ, ಕೃತಕ ಕೂದಲು, ಪಾದರಕ್ಷೆ, ಹೊಲಿಗೆ, ಮುದ್ರಣ ಎಲ್ಲವೂ ಒಂದೊಂದು ಕಸುಬು. 1929ರಲ್ಲಿ ಕೋವೆಂಟ್ ಗಾರ್ಡನ್ನಿನಲ್ಲಿ ಚಿಕ್ಕದಾಗಿ ಆರಂಭವಾದ ಫ್ರೀಡ್ ಎಂಬ ಅಂಗಡಿ ನರ್ತಕಿಯರ ಪಾದದ ಅಳತೆಗೆ ತಕ್ಕ ಬ್ಯಾಲೆ ಪಾದರಕ್ಷೆಗಳನ್ನು ಕೈಯಿಂದ ಮಾಡಿಕೊಡುತ್ತ ಲೋಕಪ್ರಸಿದ್ಧವಾಯಿತು. ವಾರಕ್ಕೆ ಎಂಟು ಬಾರಿ ಬಳಸುವ ವೇಷಭೂಷಣ ಬೇಗ ಸವೆಯುತ್ತದೆ. ಹೀಗಾಗಿ ಒಂದು ನಾಟಕ ವರ್ಷಗಟ್ಟಲೆ ನಡೆದರೆ ಅದರ ಬೇಡಿಕೆಯೂ ನಿಲ್ಲದೆ ಬರುತ್ತಿರುತ್ತದೆ.

ಬೀದಿಯ ಖರ್ಚು ಬೀದಿಯವರದೇ

ಇದೆಲ್ಲ ತಾನಾಗಿ ಆದದ್ದೆಂದು ಭಾವಿಸಬಾರದು. ರೀಜೆಂಟ್ ಬೀದಿಯಲ್ಲಿ ಕ್ರಿಸ್ಮಸ್ ಕಾಲದ ದೀಪಾಲಂಕಾರವನ್ನು 1954ರಲ್ಲಿ ಆರಂಭಿಸಿದವರು ಅಲ್ಲಿನ ವರ್ತಕರ ಸಂಘದವರು. 2003ರ ಸ್ಥಳೀಯ ಸರ್ಕಾರ ಕಾಯ್ದೆ ಇಂಥ ಸಹಕಾರಕ್ಕೆ ಕಾನೂನಿನ ಚೌಕಟ್ಟು ಕೊಟ್ಟಿತು. ಅದರ ಪ್ರಕಾರ ಒಂದು ಪ್ರದೇಶದ ವ್ಯಾಪಾರಸ್ಥರು ಮತದಾನದ ಮೂಲಕ 'ವ್ಯಾಪಾರ ಸುಧಾರಣಾ ವಲಯ'ವನ್ನು ರಚಿಸಿಕೊಳ್ಳಬಹುದು. ಯೋಜನೆ ಅಂಗೀಕಾರವಾಗಲು ಎರಡು ಬಹುಮತ ಬೇಕು: ಮತ ಹಾಕಿದವರ ಸಂಖ್ಯೆಯಲ್ಲೂ ಬಹುಮತ, ಅವರ ಮಳಿಗೆಗಳ ತೆರಿಗೆ ಮೌಲ್ಯದಲ್ಲೂ ಬಹುಮತ. ಇದರಿಂದ ನಾಲ್ಕು ದೊಡ್ಡ ಮಳಿಗೆಗಳು ಸೇರಿ ನೂರು ಸಣ್ಣ ಅಂಗಡಿಗಳ ಮೇಲೆ ಹೊರೆ ಹೇರುವಂತಿಲ್ಲ. ಸಣ್ಣವರೆಲ್ಲ ಸೇರಿ ದೊಡ್ಡವರ ಹಣದಲ್ಲಿ ಉತ್ಸವ ಮಾಡುವಂತೆಯೂ ಇಲ್ಲ. ಒಮ್ಮೆ ಅಂಗೀಕಾರವಾದರೆ ಎಲ್ಲರೂ ವಂತಿಗೆ ಕೊಡಲೇಬೇಕು. ಅವಧಿ ಗರಿಷ್ಠ ಐದು ವರ್ಷ. ಮುಂದುವರಿಯಬೇಕಾದರೆ ಮತ್ತೆ ಮತದಾನ. ಆಕ್ಸ್‌ಫರ್ಡ್, ರೀಜೆಂಟ್, ಬಾಂಡ್ ಬೀದಿಗಳಿಗೂ ಲೆಸ್ಟರ್ ಚೌಕ ಹಾಗೂ ಪಿಕಡಿಲಿಗೂ ಇಂತಹ ಸಂಸ್ಥೆಗಳಿವೆ. ಶುಚಿತ್ವ, ಭದ್ರತೆ, ದೀಪ, ಪ್ರಚಾರ ಇವು ಅವುಗಳ ಮುಖ್ಯ ಕೆಲಸ. ಸರ್ಕಾರವೂ 2014ರಿಂದ ನಾಟಕ ನಿರ್ಮಾಣಕ್ಕೆ ತೆರಿಗೆ ರಿಯಾಯಿತಿ ನೀಡುತ್ತಿದೆ.

ಬೆಳಕಿನ ಹಿಂದಿನ ಕತ್ತಲೆ

ಲಂಡನ್ನಿನ ಮಾದರಿಯನ್ನು ಕಣ್ಣುಮುಚ್ಚಿ ಹೊಗಳುವುದೂ ಸರಿಯಲ್ಲ. ಜನ ಸೇರಿದಲ್ಲಿ ಬಾಡಿಗೆ ಏರುತ್ತದೆ. ಕೋವೆಂಟ್ ಗಾರ್ಡನ್ನಿನಲ್ಲಿ 1980ರ ದಶಕದ ಕುಶಲಕರ್ಮಿಗಳ ಎಷ್ಟೋ ಮಳಿಗೆಗಳ ಜಾಗದಲ್ಲಿ ಈಗ ಅಂತರರಾಷ್ಟ್ರೀಯ ಹೆಸರುಗಳಿವೆ. ಆ ಪ್ರದೇಶದ ಬಹುಪಾಲು ಆಸ್ತಿಯ ಒಡೆತನದ ಸಂಸ್ಥೆ 2023ರಲ್ಲಿ ನೆರೆಯ ಬೀದಿಗಳ ಒಡೆತನದ ಇನ್ನೊಂದು ಸಂಸ್ಥೆಯೊಡನೆ ವಿಲೀನಗೊಂಡಿತು. ಬಾಡಿಗೆದಾರರ ಎದುರು ಇರುವುದು ಒಬ್ಬನೇ ಭಾರೀ ಮಾಲೀಕ. ನಾಟಕದ ಒಳ್ಳೆಯ ಆಸನದ ಬೆಲೆಯಂತೂ ಸಾಮಾನ್ಯ ಕುಟುಂಬದ ಕೈಗೆಟುಕದಷ್ಟಾಗಿದೆ.

ಜನ ಬರುವುದು ನಿಂತರೆ ಏನಾಗುತ್ತದೆಂಬುದೂ ಕಂಡಿದೆ. ಕೊರೋನಾ ಕಾರಣದಿಂದ 2020ರ ಮಾರ್ಚ್ 16ರಂದು ವೆಸ್ಟ್ ಎಂಡಿನ ನಾಟಕಗೃಹಗಳು ಮುಚ್ಚಿದವು. ಅದೇ ವರ್ಷದ ಜೂನ್‌ನಲ್ಲಿ ಅಂಗಡಿಗಳೂ ಜುಲೈನಲ್ಲಿ ಹೋಟೆಲುಗಳೂ ತೆರೆದರೂ ದೊಡ್ಡ ಸಂಗೀತ ನಾಟಕಗಳು ಮರಳಿದ್ದು ಮರುವರ್ಷ. ಆ ನಡುವಿನ ಕಾಲದಲ್ಲಿ ಬಾಗಿಲು ತೆರೆದ ಅಂಗಡಿಗಳ ಮುಂದೆ ಬೀದಿ ಬರಿದಾಗಿತ್ತು. ಕಚೇರಿಗಳು ಖಾಲಿಯಿದ್ದುದು, ಪ್ರವಾಸಿಗರು ಬಾರದಿದ್ದುದು ಕೂಡ ಅದಕ್ಕೆ ಕಾರಣ ಎಂಬುದನ್ನು ಒಪ್ಪಬೇಕು. ಆದರೂ ಅಂಗಡಿ ತೆರೆದಿದ್ದ ಮಾತ್ರಕ್ಕೆ ಪೇಟೆ ತೆರೆದಂತಾಗುವುದಿಲ್ಲ ಎಂಬ ಪಾಠ ಅಲ್ಲಿನ ವರ್ತಕರಿಗೆ ಆಯಿತು. ಆಕ್ಸ್‌ಫರ್ಡ್ ಬೀದಿಯ ಡೆಬೆನ್‌ಹ್ಯಾಮ್ಸ್ ಮಳಿಗೆ 2021ರಲ್ಲಿ ಶಾಶ್ವತವಾಗಿ ಮುಚ್ಚಿತು. ಬರಿಯ ಸರಕಿನ ರಾಶಿಯನ್ನೇ ನೆಚ್ಚಿದ ದೊಡ್ಡ ಮಳಿಗೆಗಳಿಗೂ ಇಂಟರ್‌ನೆಟ್ ವ್ಯಾಪಾರದ ಪೆಟ್ಟು ತಪ್ಪಲಿಲ್ಲ.

ಜಾತ್ರೆ ಕಲಿಸಿದ ವ್ಯಾಪಾರ

ಹಗಲು ಖರೀದಿ, ಸಂಜೆ ಊಟ, ರಾತ್ರಿ ಸಂಗೀತ ನಾಟಕ - ಈ ಕ್ರಮ ಕನ್ನಡ ನಾಡಿಗೆ ಹೊಸದೇನಲ್ಲ. ಬಾದಾಮಿ ಬಳಿಯ ಬನಶಂಕರಿ ಜಾತ್ರೆ ಇದರ ಹಳೆಯ ಹಾಗೂ ಇನ್ನೂ ಜೀವಂತವಾದ ರೂಪ. ಬನದ ಹುಣ್ಣಿಮೆಯ ಆಸುಪಾಸಿನಲ್ಲಿ ನೆರೆಯುವ ಆ ಜಾತ್ರೆಗೆ ದಂಪತಿಗಳು ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ಹಗಲು ಮನೆಗೆ ಬೇಕಾದ ಬಾಗಿಲು ಚೌಕಟ್ಟು, ಎತ್ತು, ಪಾತ್ರೆ, ಇಳಕಲ್ಲ ಸೀರೆಗಳ ವ್ಯಾಪಾರ. ಹೊತ್ತಿಗೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಚಟ್ನಿಯ ಬುತ್ತಿ. ರಾತ್ರಿ ನಾಟಕ ಕಂಪನಿಯ ತಗಡಿನ ಥಿಯೇಟರಿನಲ್ಲಿ ಹಾಡುಗಳಿಂದ ತುಂಬಿದ ಆಟ. ಒಂದೇ ಜಾತ್ರೆಯಲ್ಲಿ ಹಲವು ಕಂಪನಿಗಳು ಏಕಕಾಲಕ್ಕೆ ಬೀಡುಬಿಡುವುದು ಅಲ್ಲಿನ ವೈಶಿಷ್ಟ್ಯ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲೂ ಅಂಗಡಿ ಸಾಲುಗಳ ಪಕ್ಕದಲ್ಲೇ ನಾಟಕದ ಡೇರೆಗಳು ಏಳುತ್ತವೆ. ರಾತ್ರಿಯ ಆಟ ಇದ್ದುದರಿಂದ ಜನ ಸಂಜೆಗೇ ಊರಿಗೆ ಮರಳುತ್ತಿರಲಿಲ್ಲ; ಮರಳದಿದ್ದುದರಿಂದ ಬಳೆಗಾರನಿಂದ ಮಿಠಾಯಿಯವನವರೆಗೆ ಎಲ್ಲರಿಗೂ ಇನ್ನೊಂದು ಹೊತ್ತಿನ ವ್ಯಾಪಾರವಾಗುತ್ತಿತ್ತು.

1884ರಲ್ಲಿ ಸ್ಥಾಪನೆಯಾದ ಗುಬ್ಬಿ ಕಂಪನಿ, ಗದಗಿನ ಗರೂಡ ಸದಾಶಿವರಾಯರ ಮಂಡಳಿ, ಏಣಗಿ ಬಾಳಪ್ಪನವರ ಕಲಾವೈಭವ ಮೊದಲಾದವು ಊರಿಂದೂರಿಗೆ ಹೋಗಿ ತಿಂಗಳುಗಟ್ಟಲೆ ಕ್ಯಾಂಪು ಮಾಡುತ್ತಿದ್ದ ಕಾಲವನ್ನು ಹಿರಿಯ ವರ್ತಕರು ಬಲ್ಲರು. ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದಾಗ ನೋಡಲು ಬಂದ ಜನ ಬರಿಗೈಯಲ್ಲಿ ಬಂದು ಬರಿಗೈಯಲ್ಲಿ ಹೋದವರಲ್ಲ. ಸಿನಿಮಾ, ಆಮೇಲೆ ಟೆಲಿವಿಷನ್ ಬಂದ ಮೇಲೆ ಕಂಪನಿಗಳು ಸೊರಗಿದವು. ಅದನ್ನು ಕಲೆಯ ನಷ್ಟವೆಂದು ಸಾಹಿತಿಗಳು ಮರುಗಿದರು. ಪೇಟೆಯ ನಷ್ಟವೂ ಹೌದೆಂದು ಯಾರೂ ಲೆಕ್ಕ ಹಾಕಲಿಲ್ಲ.

ಈಗಲೂ ಬೀಜ ಒಣಗಿಲ್ಲ. ಬೆಂಗಳೂರಿನ ಜೆ.ಪಿ. ನಗರದಲ್ಲಿ 2004ರಲ್ಲಿ ಆರಂಭವಾದ ರಂಗಶಂಕರದಲ್ಲಿ ಆಟದ ಹೊತ್ತು ಏಳೂವರೆ. ತಡವಾಗಿ ಬಂದವರಿಗೆ ಪ್ರವೇಶವಿಲ್ಲ ಎಂಬ ನಿಯಮ. ಆ ಕಟ್ಟುನಿಟ್ಟೇ ಪ್ರೇಕ್ಷಕರನ್ನು ಮುಂಚಿತವಾಗಿ ಕರೆತಂದು ಅಲ್ಲಿನ ಉಪಾಹಾರದ ಕಟ್ಟೆಯ ಮುಂದೆ ನಿಲ್ಲಿಸುತ್ತದೆ. ಮೈಸೂರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಹುಟ್ಟಿದ ರಂಗಾಯಣವಿದೆ, ದೇವರಾಜ ಮಾರುಕಟ್ಟೆಯಿದೆ, ಸಯ್ಯಾಜಿರಾವ್ ರಸ್ತೆಯ ರೇಷ್ಮೆ, ಗಂಧ, ಬೀಟೆ ಮರದ ಕೆತ್ತನೆಗಳ ಮಳಿಗೆಗಳಿವೆ. ಭಾನುವಾರ ಸಂಜೆ ಸುಮಾರು ಒಂದು ಲಕ್ಷ ದೀಪಗಳಿಂದ ಬೆಳಗುವ ಅರಮನೆಯೂ ಇದೆ. ಇಷ್ಟೆಲ್ಲ ಇದ್ದರೂ ಇವುಗಳನ್ನು ಒಂದು ದಿನದ ಕ್ರಮವಾಗಿ ಪೋಣಿಸಿ ಗಿರಾಕಿಯ ಕೈಗೆ ಕೊಡುವವರಿಲ್ಲ. ಅರಮನೆಯ ದೀಪ ಆರುತ್ತಿದ್ದಂತೆ ಪ್ರವಾಸಿಗರ ಬಸ್ಸು ಬೆಂಗಳೂರಿನ ದಾರಿ ಹಿಡಿಯುತ್ತದೆ. ಲ್ಯಾನ್ಸ್‌ಡೌನ್ ಕಟ್ಟಡದ ಭಾಗ 2012ರಲ್ಲಿಯೂ ದೇವರಾಜ ಮಾರುಕಟ್ಟೆಯ ಭಾಗ 2016ರಲ್ಲಿಯೂ ಕುಸಿದ ಮೇಲೆ, ಕೆಡವಿ ಕಟ್ಟಬೇಕೇ ಉಳಿಸಿ ದುರಸ್ತಿ ಮಾಡಬೇಕೇ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಕೋವೆಂಟ್ ಗಾರ್ಡನ್ನಿನ ಅನುಭವ ಆ ವಾದದಲ್ಲಿ ವರ್ತಕರ ನೆರವಿಗೆ ಬರಬೇಕಾದ ಸಾಕ್ಷ್ಯ.

ಮೊದಲ ಹೆಜ್ಜೆ ಯಾರದು

ಎರಡು ಸಾವಿರ ಆಸನಗಳ ರಂಗಮಂದಿರವನ್ನು ಕಟ್ಟಿದ ಮೇಲೆಯೇ ಇದು ಸಾಧ್ಯ ಎಂದು ಕಾಯಬೇಕಾಗಿಲ್ಲ. ಮುಂಬಯಿಯಲ್ಲಿ 2023ರಲ್ಲಿ ತೆರೆದ ನೀತಾ ಮುಕೇಶ್ ಅಂಬಾನಿ ಸಾಂಸ್ಕೃತಿಕ ಕೇಂದ್ರದಂತಹ ದೊಡ್ಡ ಮಂದಿರಗಳನ್ನು ಭಾರೀ ಬಂಡವಾಳಗಾರರು ಕಟ್ಟಿಯಾರು. ಜಿಲ್ಲಾ ಕೇಂದ್ರಗಳಲ್ಲಿ ಈಗಾಗಲೇ ಇರುವ ರಂಗಮಂದಿರಗಳು ವರ್ಷದ ಬಹುಪಾಲು ದಿನ ಸಭೆ ಸಮಾರಂಭಗಳಿಗೆ ಮೀಸಲಾಗಿ, ಉಳಿದ ದಿನ ಬೀಗ ಹಾಕಿಕೊಂಡಿರುತ್ತವೆ. ಅವುಗಳಿಂದಲೇ ಆರಂಭಿಸಬಹುದು.

ಮೊದಲನೆಯದಾಗಿ ತಿಂಗಳಿಗೊಂದು ನಿಶ್ಚಿತ ದಿನ ಬೇಕು. ಎರಡನೆಯ ಶನಿವಾರವೆಂದರೆ ಆಟದ ಶನಿವಾರ ಎಂಬುದು ಜನರ ಬಾಯಲ್ಲಿ ನಿಲ್ಲಬೇಕು. ಅಪರೂಪಕ್ಕೊಮ್ಮೆ ಮಾಡುವ ಉತ್ಸವ ಸದ್ದು ಮಾಡುತ್ತದೆ; ವಾಡಿಕೆಯ ಗಿರಾಕಿಗಳನ್ನು ಕೊಡುವುದು ತಪ್ಪದೆ ಬರುವ ಸಂತೆಯೇ. ಎರಡನೆಯದಾಗಿ, ತಂಡಕ್ಕೆ ಕನಿಷ್ಠ ಸಂಪಾದನೆಯ ಭರವಸೆ ಕೊಡುವ ಹೊಣೆಯನ್ನು ವರ್ತಕರ ಸಂಘ ಹೊರಬೇಕು. ಹಿಂದೆ ಕಂಟ್ರಾಕ್ಟುದಾರರು ಒಂದು ರಾತ್ರಿಯ ಆಟವನ್ನು ಮೊತ್ತ ಕೊಟ್ಟು ಹಿಡಿಯುತ್ತಿದ್ದಂತೆ, ಸಂಘ ಮುನ್ನೂರು ಟಿಕೆಟುಗಳನ್ನು ಮುಂಗಡವಾಗಿ ಕೊಂಡು ಸದಸ್ಯ ಅಂಗಡಿಗಳಿಗೆ ಹಂಚಬಹುದು. ಅಂಗಡಿಯವರು ಇಂತಿಷ್ಟು ಮೊತ್ತದ ಖರೀದಿಗೆ ಅವುಗಳನ್ನು ರಿಯಾಯಿತಿಯ ಬದಲಾಗಿ ಕೊಡಬಹುದು. ಶೇಕಡಾ ಹತ್ತು ಬೆಲೆ ಇಳಿಸಿದರೆ ಹಣ ಹೋಗುತ್ತದ್ದಷ್ಟೆ. ಟಿಕೆಟ್ ಕೊಟ್ಟರೆ ಗಿರಾಕಿ ಮತ್ತೊಮ್ಮೆ ಬೀದಿಗೆ ಬರುತ್ತಾನೆ. ಪ್ರತಿಯೊಬ್ಬರಿಗೆ 500 ರೂಪಾಯಿ ಮೀರದ ನಾಟಕ ಪ್ರವೇಶದರಕ್ಕೆ ಜಿಎಸ್‌ಟಿ ವಿನಾಯಿತಿ ಇರುವುದು ಇದಕ್ಕೆ ಅನುಕೂಲ.

ಮೂರನೆಯದು ಹೋಟೆಲುಗಳ ಪಾತ್ರ. ಆರು ಗಂಟೆಯಿಂದ ಏಳೂಕಾಲರವರೆಗೆ ನಿಗದಿತ ಬೆಲೆಯ ಊಟ, ಅದೂ ಆ ಊರಿನದೇ ಊಟ: ದಾವಣಗೆರೆಯಲ್ಲಿ ಬೆಣ್ಣೆದೋಸೆ, ಹುಬ್ಬಳ್ಳಿಯಲ್ಲಿ ಜೋಳದ ರೊಟ್ಟಿ, ಮಂಗಳೂರಿನಲ್ಲಿ ನೀರುದೋಸೆ. ಮುಂಬಯಿಯ ಇರಾನಿ ಹೋಟೆಲಿನ ನೆನಪು ಲಂಡನ್ನಿನಲ್ಲಿ ಮಾರಾಟವಾಗುವುದಾದರೆ, ಹಳೆಯ ಕಂಪನಿ ನಾಟಕಗಳ ಭಿತ್ತಿಪತ್ರಗಳಿಂದ ಸಿಂಗರಿಸಿದ ಖಾನಾವಳಿಗೆ ಕರ್ನಾಟಕದಲ್ಲಿ ಗಿರಾಕಿ ಸಿಗದೆಂದು ಹೇಳಲಾಗದು. ನಾಲ್ಕನೆಯದಾಗಿ, ಶುಚಿಯಾದ ಶೌಚಾಲಯ, ಬೀದಿದೀಪ, ವಾಹನ ನಿಲ್ದಾಣ ಮತ್ತು ಆಟ ಬಿಟ್ಟ ಮೇಲೆ ಹೊರಡುವ ಒಂದು ಬಸ್ಸು. ಹೆಣ್ಣುಮಕ್ಕಳು ನಿರಾತಂಕವಾಗಿ ಮನೆ ಸೇರುವ ಏರ್ಪಾಡಿಲ್ಲದೆ ರಾತ್ರಿ ವ್ಯಾಪಾರದ ಮಾತೇ ವ್ಯರ್ಥ. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಅಂಗಡಿಗಳಿಗೆ ದಿನದ ಇಪ್ಪತ್ನಾಲ್ಕು ಗಂಟೆಯೂ ತೆರೆದಿರಲು ರಾಜ್ಯ ಸರ್ಕಾರ 2021ರ ಜನವರಿಯಲ್ಲಿ ಅನುಮತಿ ನೀಡಿದಾಗ ಅದರ ಲಾಭ ಪಡೆದ ಪೇಟೆಬೀದಿಗಳು ವಿರಳ. ಬಾಗಿಲು ತೆರೆದಿಡಲು ಅನುಮತಿ ಸಿಕ್ಕಿತ್ತು. ಒಳಗೆ ಬರಲು ಜನರಿಗೆ ಕಾರಣ ಸಿಕ್ಕಿರಲಿಲ್ಲ.

ಐದನೆಯದಾಗಿ, ಸಣ್ಣ ತಯಾರಕರು ರಂಗದ ಬಾಗಿಲಲ್ಲೇ ತಮ್ಮ ಜಾಗವನ್ನು ಕೇಳಿ ಪಡೆಯಬೇಕು. ಚನ್ನಪಟ್ಟಣದ ಗೊಂಬೆ, ಕಿನ್ನಾಳದ ಕಲೆ, ಗುಳೇದಗುಡ್ಡದ ಖಣ ಇವು ಸರ್ಕಾರಿ ಮಳಿಗೆಯ ಕಪಾಟಿನಲ್ಲಿ ಕುಳಿತಾಗ ಬರಿಯ ಕರಕುಶಲ ವಸ್ತುಗಳು. ಅದೇ ಸಂಜೆ ನೋಡಿದ ನಾಟಕದ ಪಾತ್ರವೊಂದು ಗೊಂಬೆಯಾಗಿ ಬಾಗಿಲಲ್ಲಿ ಕಂಡರೆ ಮಗುವಿನ ಕೈ ತಾನಾಗಿ ಚಾಚುತ್ತದೆ. ಐವತ್ತು ಗೊಂಬೆಗಳ ಬೇಡಿಕೆ ಒಂದು ಮನೆಯ ತಿಂಗಳ ಕೆಲಸ.

ಬ್ರಿಟನ್ನಿನಂತೆ ಕಾಯ್ದೆಯ ಬಲದಿಂದ ವಂತಿಗೆ ಎತ್ತುವ ಅವಕಾಶ ಇಲ್ಲದಿದ್ದರೂ, ಆರಂಭಕ್ಕೆ ಒಂದೇ ಬೀದಿಯ ಮೂವತ್ತು ನಲವತ್ತು ಅಂಗಡಿಗಳ ಒಪ್ಪಂದ ಸಾಕು. ಗಣೇಶೋತ್ಸವಕ್ಕೆ ವಂತಿಗೆ ಎತ್ತಿ, ಲೆಕ್ಕ ಒಪ್ಪಿಸಿ, ಚಪ್ಪರ ಹಾಕಿ, ಬೀದಿಯನ್ನು ಬೆಳಗಿದ ಅನುಭವ ಯಾವ ಪೇಟೆಯ ವರ್ತಕರಿಗಿಲ್ಲ? ಆದರೆ ಬಾಡಿಗೆಯ ವಿಷಯದಲ್ಲಿ ಎಚ್ಚರವಿರಬೇಕು. ಬೀದಿಗೆ ಜನ ಬರತೊಡಗಿದ ಮರುವರ್ಷವೇ ಕಟ್ಟಡದ ಮಾಲೀಕರು ಬಾಡಿಗೆ ಏರಿಸಿದರೆ, ಶ್ರಮಪಟ್ಟವರೇ ಅಲ್ಲಿಂದ ಹೊರಡಬೇಕಾದೀತು. ಕೋವೆಂಟ್ ಗಾರ್ಡನ್ನಿನ ಕುಶಲಕರ್ಮಿಗಳಿಗೆ ಬಂದ ಗತಿ ಇಲ್ಲಿ ಬರದಂತೆ, ಮಾಲೀಕರನ್ನೂ ಮೊದಲಿನಿಂದಲೇ ಒಪ್ಪಂದದೊಳಗೆ ತಂದು ಐದು ವರ್ಷದ ಬಾಡಿಗೆಯನ್ನು ಬರೆಸಿಕೊಳ್ಳುವುದು ವಿವೇಕ.

ರೆಡಿಂಗಿನ ದಂಪತಿ ರಾತ್ರಿಯ ರೈಲಿನಲ್ಲಿ ಮಡಿಲ ಮೇಲೆ ಚೀಲಗಳನ್ನಿಟ್ಟುಕೊಂಡು, ನಾಟಕದ ಹಾಡನ್ನು ಗುನುಗುತ್ತ ಮನೆಗೆ ಹೋಗುತ್ತಾರೆ. ಬನಶಂಕರಿಯಿಂದ ನಸುಕಿನಲ್ಲಿ ಹೊರಟ ಬಂಡಿಯಲ್ಲಿ ಹೊಸ ಬಾಗಿಲಿನ ಚೌಕಟ್ಟಿಗೆ ಒರಗಿ ನಿದ್ದೆಗಣ್ಣಿನಲ್ಲಿ ಕುಳಿತ ಗಂಡಹೆಂಡಿರೂ ಅದನ್ನೇ ಮಾಡುತ್ತಿದ್ದರು. ಅವರ ಮನೆಗಳಿಗೆ ಬಾಗಿಲು ಮಾರಿದ ಬಡಗಿಗೆ ರಾತ್ರಿಯ ಆಟದ ಬೆಲೆ ಗೊತ್ತಿತ್ತು. ಇಂದಿನ ಪೇಟೆಯ ವರ್ತಕರು ಅದನ್ನು ಮತ್ತೆ ಲೆಕ್ಕಕ್ಕೆ ತೆಗೆದುಕೊಂಡರೆ ಏಳು ಗಂಟೆಗೆ ಉರಿಯುವ ದೀಪಗಳ ವಿದ್ಯುತ್ ಖರ್ಚಾದರೂ ಹುಟ್ಟೀತು.